ನಾಕು ಸಾಲು ಖಾಲಿ

ಕಾಲೇಜಿನ ಗೇಟಿಗೆ ಎದುರು, ಸೇಡಂ ರಸ್ತಾದ ಮ್ಯಾಲ
ನಂದೊಂದು ಝೆರಾಕ್ಸ್ ಅಂಗಡಿ.
ಹತ್ತನೇ ಕ್ಲಾಸಿಗೆ ಸಾಲಿ ಬಿಟ್ಟವ ನಾ.
ಆದ್ರೂ ಹದಿಮೂರು ವರ್ಷದಿಂದ
ಬಿ.ಎ. ಓದ್ಲಿಕತ್ತೀನಿ, ಬಿ.ಎಸ್ಸಿ. ಓದ್ಲಿಕತ್ತೀನಿ,
ಗಾಜಿನ ಮ್ಯಾಲ ಬೋರಲು ಮಲಗಿಸಿ, ಹಸರು ಬೆಳಕಿನಾಗ,
ಪುಟಕ್ಕ ಒಂದು ರೂಪಾಯಿ.

ಏಪ್ರಿಲ್ ಬಂತಂದ್ರ ಕಲಬುರಗಿ ನಲವತ್ಮೂರು ಡಿಗ್ರಿ,
ಮಷೀನಿನ ಬಾಜೂಕ ಎಷ್ಟೋ, ಅಳದವರಿಲ್ಲ.
ಎಲ್ಲಾರ ಕೈಯಾಗೂ ಒಂದೇ ನೋಟಬುಕ್, ನಸೀಮಾಂದು.
ಜ್ವಾಳದ ತೆನಿಯಂಗ ಒತ್ತೊತ್ತಾದ ಅಕ್ಷರ.
ಸರ್ ಬಾಯಿಂದ ಬಿದ್ದದ್ದು ಒಂದೂ
ನೆಲಕ್ಕ ಬೀಳಗೊಟ್ಟಿಲ್ಲ ಆಕಿ.
‘ಕರಿಮಣ್ಣು ದಖ್ಖನ್ ಲಾವಾದಿಂದ ಆದದ್ದು’ ಅಂತ ಬರ್ದು
ಅದರ ಕೆಳಗ, ಅದೇ ಶಾಯಿಯಾಗ,
‘ಹಿಂದಿನ ಬೆಂಚು, ಫ್ಯಾನ್ ಹಾಕ್ರಿ’ ಅಂತ ಬರ್ದಾಳ.
ಅದರ ಪ್ರತಿ, ಪ್ರತಿಯ ಪ್ರತಿ, ಅದರದೂ ಒಂದು ಪ್ರತಿ,
ಒತ್ತಕ್ಷರ ಉದುರಿ ದಖ್ಖನ್ ದಖನ್ ಆಗ್ತದ.
ಹೋದ ವರ್ಷ ಭೀಮಶಾ ಅನ್ನೋ ಹುಡುಗ
ಪರೀಕ್ಷಾದಾಗ ಫ್ಯಾನೂ ಹಾಕಿ ಬಂದ.
ಐದು ಮಾರ್ಕಿನ ಪ್ರಶ್ನೆ. ಮೂರು ಬಂತಂತ.

ತಾರಾಬಾಯಿ ರಾಠೋಡ್ ಬಂದದ್ದು ಜಾತಿ ಸರ್ಟಿಫಿಕೇಟಿಗೆ,
ಎರಡು ಪ್ರತಿ.
ಚಿಲ್ಲರ ಹುಡುಕೋದ್ರಾಗ ನೋಟಬುಕ್ ಕೌಂಟರಿನ ಮ್ಯಾಲ ಇಟ್ಳು,
ಟೇಬಲ್ ಫ್ಯಾನು ಪುಟ ತಗೀತು.
ನಾ ಅಲ್ಲ, ಫ್ಯಾನು.

ಪುಟದ ಎಡಕ್ಕ ಒಂದು ಗೆರಿ, ಸ್ಕೇಲಿಲ್ಲದ್ದು.
ಬಲಕ್ಕ ಏಳೆಂಟು ಶಬ್ದ, ಒಂದೆರಡು ಬಾಣ,
ಬಿರುಕು ಬಿಟ್ಟ ನೆಲದ್ದೊಂದು ಚಿತ್ರ.
‘ಮಾಂಟ್‌ಮೊ’ ಅಂತ ಬರ್ದು
ಉಳಿದದ್ದಕ್ಕ ಜಾಗ ಬಿಟ್ಟಾಳ.
ಎಡಕ್ಕ, ಹಾಶಿಯಾದಾಗ, ಬರೀ ಪ್ರಶ್ನೆ:
‘ಬ್ಯಾಸಿಗ್ಯಾಗ ಈ ಮಣ್ಣು ಬಾಯಿ ತೆರೀತದಲ್ಲ, ಯಾಕ?
ತೆರದ್ರ ಯಾರಿಗೆ ಲಾಭ?’
ನಡುವ ನಾಕು ಸಾಲು ಖಾಲಿ.
ಪಕ್ಕಕ್ಕ ಸಣ್ಣಗ: ‘ಇಲ್ಲಿ ನಿದ್ದಿ ಬಂತು. ನಸೀಮಾಗ ಕೇಳು.’
ತಳಕ್ಕ ಬ್ಯಾರೆ ಶಾಯಿ, ಮೂರು ಸಾಲು,
ಅಕ್ಷರ ಕನ್ನಡದ್ದೇ, ಓದಿದ್ರ ತಿಳೀಲಿಲ್ಲ.

‘ಅದು ನಮ್ಮ ಗೋರಬೋಲಿ ಅಣ್ಣಾ’ ಅಂದ್ಳು.
‘ರಾತ್ರಿ ಹಾಸ್ಟೆಲಿನಾಗ ಪುಸ್ತಕ ಮುಚ್ಚಿ
ಅವ್ವಗ ಫೋನಿನಾಗ ಹೇಳ್ದಂಗ ಬರೀತೀನಿ.
ಹೇಳ್ಲಿಕ್ಕ ಬರ್ಲಿಲ್ಲಂದ್ರ
ನಂಗ ತಿಳ್ದಿಲ್ಲ ಅಂತ ತಿಳೀತದ.’
ಇದರದೊಂದು ಪ್ರತಿ ತಗೀಲೇನು, ಅಂದೆ.
ನಕ್ಳು. ‘ಬ್ಯಾರೇದವರು ಇದು ಓದಿದ್ರ ಫೇಲ್ ಆಗ್ತಾರ.’
ಎರಡು ರೂಪಾಯಿ ಇಟ್ಟು ಹೋದ್ಳು.

ಮೂರು ದಿನ ಆ ಪ್ರಶ್ನೆ
ನನ್ನ ಉದ್ರಿ ವಹಿಯಾಗ ಕುಂತದ, ಬಾಕಿದಾರರ ಹೆಸರಿನ ಎಡಕ್ಕ.
ಬಾಣಾ ಹಾಕ್ಲಿಕ್ಕ ಬಂತು, ಉತ್ತರ ಬರ್ಲಿಲ್ಲ.
ನಸೀಮಾನ ಅದೇ ಪುಟ ಇನ್ನೂರು ಸಲ ತಗದಿದ್ದೆ,
ಒಂದ್ಸಲಾನೂ ಓದಿದ್ದಿಲ್ಲ.
ಬೆಳಕು ಓದಿತ್ತು.

ಇವತ್ತು ಮಧ್ಯಾಹ್ನ ಕರೆಂಟ್ ಹೋದಾಗ
ಪಹಣಿ ಝೆರಾಕ್ಸಿಗೆ ಬಂದ ಜೇವರ್ಗಿ ಕಡೆಯ ಮುದುಕ
ನೆಳ್ಳಿಗೆ ಕುಂತಿದ್ದ. ಸುಮ್ನ ಕೇಳ್ದೆ.
ಆತ ತಂಬಾಕು ತಿಕ್ಕೋದು ನಿಲ್ಲಿಸ್ಲಿಲ್ಲ.
‘ಎರಿ ಹೊಲ ತನ್ನನ್ನ ತಾನೇ ಹರಗ್ತದೋ ತಮ್ಮಾ.
ಮ್ಯಾಲಿನ ಮಣ್ಣು ಬಿರುಕಿನಾಗ ಬೀಳ್ತದ,
ಮಳಿ ಬಿದ್ರ ಬಾಯಿ ಮುಚ್ತದ,
ಕೆಳಗಿಂದು ಮ್ಯಾಲ ಬರ್ತದ.
ನಿನಗ ಯಾರೂ ಹೇಳಿಲ್ಲೇನು?’

ಹೇಳಿದ್ರು.
ಗೇಟಿನ ಆಚಿಗಿ, ಗಟ್ಟಿ ದನಿಯಾಗ, ವರ್ಷಾ ವರ್ಷಾ.

ಕೆಟ್ಟ ಪ್ರಿಂಟಿನ ಬೆನ್ನ ಮ್ಯಾಲ ಬರ್ಕೊಂಡೆ:
ಬಿರುಕು, ಬಾಣ, ‘ತಾನೇ ಹರಗ್ತದ’.
ಮುದುಕ ಮತ್ತೇನೋ ಅಂದ,
ಅಷ್ಟರಾಗ ಕರೆಂಟ್ ಬಂತು, ಮಷೀನು ಗುರ್ ಅಂತು,
ಕೇಳ್ಸಲಿಲ್ಲ.
ಆ ಜಾಗ ಖಾಲಿ ಬಿಟ್ಟೀನಿ.